ಗಂಧ ಬಿಡದ ಕಲ್ಲು

ಕೇಳಿ ಗೆಳೆಯರೇ, ಇವತ್ತು ಹಳ್ಳಿಮೈಸೂರಿನ ರಂಗಣ್ಣನ ಮನೆಗೆ ಹೋಗಿದ್ದೆ. ಬ್ಲೇಡು ಬೇಡ, ಹಳೇ ಕತ್ತಿಯೇ ಬೇಕು ಎಂದು ನನ್ನ ಕ್ಷೌರದಂಗಡಿಗೆ ಬರುವ ಗಿರಾಕಿ. ದೇವರಮನೆಯಿಂದ ಅಂಗೈಯಗಲದ ಕಲ್ಲೊಂದನ್ನು ತಂದು ತೋರಿಸಿದರು. ಒಂದು ಮೈ ಹಳದಿ, ಇನ್ನೊಂದು ಕಪ್ಪು.

"ತಾತನ ಕಾಲದ್ದು ಕಣಪ್ಪ. ಎಷ್ಟು ತೇಯ್ದ್ರೂ ಗಂಧವೇ ಬರಾಕಿಲ್ಲ."

ಬೆರಳಾಡಿಸಿದೆ. ಬೆಣ್ಣೆಯಂಥ ನುಣುಪು. ನಮ್ಮಪ್ಪನ ಹತ್ತಿರವೂ ಇಂಥದ್ದೇ ಇತ್ತು.

"ಅಣ್ಣಾ, ಇದು ಕ್ಷೌರದ ಕತ್ತಿ ಮಸೆಯೋ ಕಲ್ಲು. ಈಗ ಉಡುಕುದ್ರೂ ಸಿಗಾಕಿಲ್ಲ."

"ಥೂ! ಇದನ್ನ ದೇವ್ರ ಮುಂದೆ ಇಟ್ಕಂಡಿದ್ವಾ?" ಎಂದವರೇ ಅಂಗಳಕ್ಕೆ ಎಸೆದು ಕೈ ತೊಳೆಯಲು ಹೋದರು. ನನ್ನೆದುರಿಗೇ!

ಮೂಲೆ ಮುರಿದ ಕಲ್ಲನ್ನು ಎತ್ತಿಕೊಂಡು ಬಂದಿದ್ದೇನೆ. ಇನ್ನೂ ಮೈ ಉರಿಯುತ್ತಿದೆ.

ಭಾನುವಾರ ಶೇವಿಂಗಿಗೆ ಬರುತ್ತಾರೆ. ಇದೇ ಕಲ್ಲಲ್ಲಿ ಕತ್ತಿ ಮಸೆದಿಡುತ್ತೇನೆ. ದೇವರಿಗೆ ತಗುಲಿದ ಮೈಲಿಗೆ ಕುತ್ತಿಗೆಗೆ ತಗುಲುವುದಿಲ್ಲವೇ ಎಂದು, ಕತ್ತಿ ಕುತ್ತಿಗೆಯ ಮೇಲಿರುವಾಗಲೇ ಕೇಳುತ್ತೇನೆ.