ನೇಮಣ್ಣ ಕಾಕಾನ ಊಟ, ಶೇವಂತಾಳ ಬುಟ್ಟಿ

ಮುಚ್ಚಿದ ಬುಟ್ಟಿಯೊಂದನ್ನು ಎದುರಿಗಿಟ್ಟುಕೊಂಡು ಇಡೀ ಮಧ್ಯಾಹ್ನ ಕುಳಿತಿದ್ದೀರಾ, ಯಾವತ್ತಾದರೂ?

ನಾನು ಕುಳಿತೆ. ಹೋದ ಸಂತೆಯ ದಿನ, ರಾಯಬಾಗದ ಪೇಟೆಯಲ್ಲಿ, ನೇಮಣ್ಣ ಕಾಕಾ ಅವರ ಬೀಜದ ಅಂಗಡಿಯ ಮೆಟ್ಟಿಲ ಮೇಲೆ. ಬುಟ್ಟಿಯೊಳಗೆ ಕೌಜುಗ ಹಕ್ಕಿಗಳು. ಪಕ್ಕದಲ್ಲಿ ಅವನ್ನು ಬಲೆ ಹಾಕಿ ಹಿಡಿದು ತಂದ ಶೇವಂತಾ. ಒಳಗೆ ಗಾದಿಯ ಮೇಲೆ, ಬೆಳಗಿನಿಂದ ಒಂದು ತುತ್ತೂ ಬಾಯಿಗಿಡದ ನೇಮಣ್ಣ ಕಾಕಾ. ನಡುವೆ, ಬಾಗಿಲಿಗೆ ಅಡ್ಡವಾಗಿ, ನಾನು ಮತ್ತು ಮಾರುತಿ.

ಬುಟ್ಟಿಯ ಹಕ್ಕಿಗೆ ಬಿಡುಗಡೆಯಾಗದೆ ಕಾಕಾ ಉಣ್ಣುವುದಿಲ್ಲ. ಹೊತ್ತು ಮುಳುಗಿದ ಮೇಲಂತೂ ಅವರ ಮನೆಯಲ್ಲಿ, ಜೈನರ ಮನೆಯಲ್ವೇ, ಊಟದ ಮಾತೇ ಇಲ್ಲ. ಇನ್ನು ಮೇಲೆ ಹಕ್ಕಿ ಕೊಳ್ಳಬಾರದು ಎಂದು ಠರಾವು ಮಾಡಿದವರು ನಾವು. ಬಿಸಿಲು ಆಗಲೇ ಎದುರಿನ ಬಟ್ಟೆ ಅಂಗಡಿಯ ಗೋಡೆ ಏರತೊಡಗಿತ್ತು.

ಯಾರು ಮೊದಲು ಸೋಲಬೇಕು, ಹೇಳಿ?

ಇರಿ, ಮೊದಲು ನಮ್ಮ ನಿಸರ್ಗ ಮಂಡಳಿಯ ಬಗ್ಗೆ ನಾಲ್ಕು ಮಾತು. ಹೆಸರು ಕೇಳಬೇಡಿ, ಹೆಸರಿಲ್ಲ. ಬೋರ್ಡು ಮಾತ್ರ ಇದೆ. ಹಸಿರು ಬಣ್ಣ ಬಳಿದು ಕಾಕಾನ ಅಂಗಡಿಯ ಹಿಂದಿನ ಕೋಣೆಯಲ್ಲಿ ಗೋಡೆಗೆ ಆನಿಸಿಟ್ಟಿದ್ದೇವೆ. ಹೆಸರು ಕನ್ನಡದಲ್ಲಿರಬೇಕೋ ಮರಾಠಿಯಲ್ಲಿರಬೇಕೋ ಎಂಬ ಜಗಳ ಇನ್ನೂ ಮುಗಿದಿಲ್ಲ. (ಎರಡೂ ಭಾಷೆ ಬಲ್ಲವರೇ ಇಂಥ ಜಗಳವನ್ನು ಚೆನ್ನಾಗಿ ಆಡುತ್ತಾರೆ.) ಹಾಗಂತ ಕೆಲಸ ನಿಂತಿಲ್ಲ. ರಸ್ತೆಗೆ ಬಲಿಯಾಗಬೇಕಿದ್ದ ಒಂದು ಆಲದ ಮರ ಉಳಿಸಿದ್ದೇವೆ. ಕಬ್ಬು ಕಡಿದ ಹೊಲಕ್ಕೆ ಬೆಂಕಿ ಇಡುವ ಮೊದಲು ಸುತ್ತಲೂ ಡಬ್ಬಿ ಬಡಿಯಿರಪ್ಪಾ, ಒಳಗಿನ ಮೊಲ, ಕಾಡುಬೆಕ್ಕು ಓಡಿಹೋಗಲಿ ಎಂದು ಅಲಖನೂರಿನ ಕಡೆಯ ಹಳ್ಳಿಗಳನ್ನೆಲ್ಲ ಸುತ್ತಿದ್ದೇವೆ. ಬೈಸಿಕೊಂಡಿದ್ದೇವೆ. ಚಹಾ ಕುಡಿದಿದ್ದೇವೆ.

ನಾನು ಶಾಲೆಯ ಮಾಸ್ತರ. ಮಾರುತಿ ಉಗಾರ ಖುರ್ದದವನು, ಸಕ್ಕರೆ ಕಾರ್ಖಾನೆಯಲ್ಲಿ ಫಿಟರ್. ರಜೆ ಸಿಕ್ಕಿತೆಂದರೆ ಪ್ಯಾಸೆಂಜರ್ ಗಾಡಿಯಲ್ಲಿ ಸೈಕಲ್ ಸಮೇತ ಬಂದಿಳಿಯುತ್ತಾನೆ. ಸಡಿಲವಾದ ನಟ್ಟು ಕಂಡರೆ ಅವನ ಕೈ ಸುಮ್ಮನಿರುವುದಿಲ್ಲ. ಮನುಷ್ಯರಲ್ಲೂ ಸಡಿಲ ನಟ್ಟನ್ನೇ ಹುಡುಕುತ್ತಾನೆ. ಇನ್ನು ನೇಮಣ್ಣ ಕಾಕಾ ನಮ್ಮ ಅಧ್ಯಕ್ಷರು. ಕೋಣೆ ಅವರದು, ಚಹಾ ಅವರದು, ನಮ್ಮ ಕೂಗಾಟ ತಡೆದುಕೊಳ್ಳುವ ತಾಳ್ಮೆಯೂ ಅವರದೇ.

ಅವರಿಗೆ ತಂದೆಯ ಕಾಲದಿಂದ ಬಂದ ರೂಢಿಯೊಂದಿದೆ. ತಿನ್ನುವವರಿಗೆ ಮಾರಲೆಂದು ಯಾರಾದರೂ ಸಂತೆಗೆ ಹಕ್ಕಿ ತಂದರೆ ಅವನ್ನು ಬಿಡಿಸಿಕೊಂಡು, ಜೈನ ಬಸ್ತಿಯ ಹಿಂದಿನ ಹುಲ್ಲುಬಯಲಿನಲ್ಲಿ ಬಿಟ್ಟು ಬಂದ ಮೇಲೆಯೇ ಆ ದಿನದ ಊಟ. ಬುಟ್ಟಿಯಿಂದ ಹಕ್ಕಿ ಹೊರಗೆ, ಅದೇ ಬುಟ್ಟಿಗೆ ಅಂಗಡಿಯ ಜೋಳ ಒಳಗೆ. ಶೇವಂತಾ ಜೋಳ ಹೊತ್ತು ಹೋಗುತ್ತಾಳೆ, ಕಾಕಾ ಕೈ ತೊಳೆದು ಉಣ್ಣಲು ಕೂಡುತ್ತಾರೆ. ವಾರವಾರವೂ ಇದೇ. ನಾವೆಲ್ಲ ಕೈಮುಗಿದು ನೋಡುತ್ತಿದ್ದೆವು. ಎಂಥ ದಯೆ, ಎಂಥ ನೇಮ!

ಮಾರುತಿ ಮಾತ್ರ ಕೈಮುಗಿಯಲಿಲ್ಲ. ಒಂದು ಸಂತೆಯ ದಿನ, ಬಿಡುವ ಮುಂಚೆ, ಹಕ್ಕಿಗಳ ಕಾಲಿಗೆ ಕೆಂಪು ನೂಲು ಕಟ್ಟಿದ.

"ಎಲ್ಲೀತನಕಾ ಹೋಗ್ತಾವ ನೋಡೂಣ್ರಿ" ಎಂದ.

ಬಹಳ ದೂರವೇನೂ ಹೋಗಲಿಲ್ಲ. ಮುಂದಿನ ಸಂತೆಗೆ ಶೇವಂತಾ ಮುಚ್ಚಳ ಸರಿಸಿದಾಗ, ಬುಟ್ಟಿಯೊಳಗೆ ಕೆಂಪು ನೂಲಿನ ಕಾಲುಗಳು!

ಆವತ್ತು ಹಿಂದಿನ ಕೋಣೆಯಲ್ಲಿ ಆದ ಮೀಟಿಂಗ್ ಏನು ಕೇಳುತ್ತೀರಿ. ಪೇಟೆಗೆಲ್ಲ ಕೇಳುವ ಹಾಗೆ ಕೂಗಾಡಿದೆವು.

"ಕಾಕಾ, ಸಿಟ್ಟಿಗೇಳಬ್ಯಾಡ್ರಿ" ಎಂದ ಮಾರುತಿ. "ನೀವು ಹಕ್ಕಿ ಬಿಡಾಕತ್ತಿಲ್ಲ, ಹಕ್ಕಿ ತಿರಗಸಾಕತ್ತೀರಿ. ನೀವು ಬಸ್ತಿ ಹಿಂದ ಬಿಡೂದು, ಆಕಿ ಅಲ್ಲೇ ಬಲಿ ಹಾಕಿ ಹಿಡಿಯೂದು. ಎಷ್ಟು ಹಕ್ಕಿ ಬುಟ್ಟ್ಯಾಗ ಸಾಯ್ತಾವೋ ಯಾರಿಗೊತ್ತು?"

"ನಾ ತಗೊಳ್ಳಲಿಲ್ಲಂದ್ರ ಅವನ್ನ ಕೊಯ್ದು ತಿಂತಾರಲ್ಲೋ ತಮ್ಮಾ!"

"ಫಾರೆಸ್ಟ್ ಗಾರ್ಡ್‌ಗೆ ಹೇಳೂಣು ಹಂಗಾರ."

"ಬಡವಿನ್ನ ಜೇಲಿಗೆ ಕಳಿಸಿ ನಾ ಹೆಂಗ ಉಣ್ಣಲೋ?"

ಕೊನೆಗೆ ಠರಾವಾಯಿತು. ಮುಂದಿನ ಸಂತೆಯಿಂದ ಹಕ್ಕಿ ಕೊಳ್ಳುವುದು ಬಂದ್. ಕಾಕಾ "ಆತು, ಕೊಳ್ಳೂದಿಲ್ಲ" ಎಂದರು. ಊಟದ ಮಾತನ್ನು ಅವರು ಎತ್ತಲಿಲ್ಲ, ನಾವೂ ಕೇಳಲಿಲ್ಲ. ಠರಾವು ಪಾಸಾದ ಖುಷಿಯಲ್ಲಿ ಯಾರಿಗೆ ಯಾರ ಊಟದ ನೆನಪು? (ಕಮಿಟಿಗಳಲ್ಲಿ ಇದ್ದವರಿಗೆ ಈ ಖುಷಿ ಗೊತ್ತು.)

ಹೀಗೆ ಬಂತು ಹೋದ ಸಂತೆಯ ದಿನ.

ಶೇವಂತಾ ಸಂತೆಯ ಕಡೆ ಹೊರಳಿಯೂ ನೋಡದೆ ನೇರ ಅಂಗಡಿಗೆ ಬಂದಳು. "ಸಾವಕಾರ್ರ, ತಂದೀನ್ರಿ!"

ಮಾರುತಿ ಅಡ್ಡ ನಿಂತ. "ಇವತ್ತ ತಗೊಳ್ಳೂದಿಲ್ಲ. ಒಯ್ಯಬೇ."

"ಯಾಕ್ರಿ?"

"ಯಾಕಂದ್ರ ಯಾಕ. ಇನ್ನ ಮ್ಯಾಲ ಯಾವತ್ತೂ ಇಲ್ಲ."

ಅವಳು ಮಾರುತಿಯ ಭುಜದ ಪಕ್ಕದಿಂದ ಒಳಗೆ ಇಣುಕಿದಳು. "ಮತ್ತ ಸಾವಕಾರ್ರ ಊಟ?"

ಎಲಾ ಇವಳ! ಬರೋಬ್ಬರಿ ನಾಡಿ ಹಿಡಿದಳಲ್ಲ ಎಂದುಕೊಂಡೆ. ನಮಗಿಂತ ಜಾಣೆ. ಕಾಕಾನ ಹಸಿವನ್ನೇ ಒತ್ತೆ ಇಟ್ಟುಕೊಂಡು ವ್ಯಾಪಾರಕ್ಕೆ ಕೂಡುತ್ತಾಳೆ. ಅವಳು ನಿಜವಾಗಿಯೂ ಕುಳಿತಳು. ಸೆರಗಿನಿಂದ ಮೆಟ್ಟಿಲು ಒರೆಸಿ, ಬುಟ್ಟಿಯನ್ನು ನೆರಳಿಗೆ ಸರಿಸಿ, "ಕಾಯ್ತೀನಿ ತಗೋರಿ" ಎಂದಳು.

ಸ್ವಲ್ಪ ಹೊತ್ತು ನೋಡಿ ಎದ್ದು ಹೋಗುತ್ತಾಳೆ ಎಂಬುದು ನಮ್ಮ ಲೆಕ್ಕ. ಹೋಗಲಿಲ್ಲ. ಮಧ್ಯಾಹ್ನವಾಯಿತು. ನೆರಳು ಸರಿದಂತೆ ಬುಟ್ಟಿ ಸರಿಯಿತು, ಬುಟ್ಟಿಯ ಹಿಂದೆ ಅವಳು ಸರಿದಳು. ಒಳಗಿನ ಹಕ್ಕಿಗಳು ಮೊದಮೊದಲು ಒದರುತ್ತಿದ್ದವು, ಆಮೇಲೆ ಸುಮ್ಮನಾದವು. ನಾನು ಬಗ್ಗಿ ಬಿದಿರಿನ ಸಂದಿಯಿಂದ ನೋಡಿದೆ. ಕೊಕ್ಕು ಬಿಟ್ಟುಕೊಂಡು ಏದುಸಿರು ಬಿಡುತ್ತಿದ್ದವು. ಶೇವಂತಾ ಅರಿವೆ ಒದ್ದೆ ಮಾಡಿ ಬುಟ್ಟಿಗೆ ಹೊದಿಸಿದಳು.

ಅಷ್ಟರಲ್ಲಿ ಕಾಕಾನ ಹೆಂಡತಿ ಅಕ್ಕಾತಾಯಿ ಒಳಬಾಗಿಲಲ್ಲಿ ಬಂದು ನಿಂತರು. ನನ್ನನ್ನು ಸನ್ನೆ ಮಾಡಿ ಕರೆದರು.

"ಮಾಸ್ತರ, ಅವರು ಮುಂಜಾನೆ ಸಕ್ರಿಬ್ಯಾನಿ ಗುಳಿಗಿ ನುಂಗ್ಯಾರ. ಅದರ ಮ್ಯಾಲ ನೀರ ಬಿಟ್ರ ಏನೂ ಇಲ್ಲ. ಡಾಕ್ಟರ್ ಏನ್ ಹೇಳ್ಯಾರ ಗೊತ್ತೈತೇನ ನಿಮಗ?"

ನನಗೆ ಗೊತ್ತಿರಲಿಲ್ಲ. ಆದರೆ ಕಣ್ಣಿಗೆ ಕಾಣುತ್ತಿತ್ತಲ್ಲ! ಯಾರೋ ರೈತರು ಉಳ್ಳಾಗಡ್ಡಿ ಬೀಜ ಕೇಳಿ ಬಂದಿದ್ದರು. ತೂಗುವಾಗ ಕಾಕಾನ ಕೈ ನಡುಗಿ ಬೀಜವೆಲ್ಲ ಗಾದಿಯ ಮೇಲೆ ಚೆಲ್ಲಿತು. ಹಣೆಯ ಮೇಲೆ ಬೆವರು ಮೂಡಿತ್ತು. ನನಗೆ ನಿಜವಾಗಿ ಹೆದರಿಕೆಯಾಯಿತು. ಇವರಿಗೆ ಏನಾದರೂ ಆದರೆ? ಒಂದು ಹಕ್ಕಿ ಠರಾವಿನ ಸಲುವಾಗಿ?

"ಕಾಕಾ, ನಿಮ್ಮ ಕಾಲಿಗೆ ಬೀಳ್ತೀನಿ, ಒಂದ್ ರೊಟ್ಟಿ ತಿನ್ರಿ" ಎಂದೆ.

"ನಿಮ್ಮ ಠರಾವು ನಾ ಮುರದೀನೇನು ಮಾಸ್ತರ? ಮುರದಿಲ್ಲ. ಉಪಾಸ ನಂದು, ಅದನ್ನ ನೀವು ಮುರೀಬ್ಯಾಡ್ರಿ."

ಹೊರಗೆ ಬಂದು ಮಾರುತಿಯ ತೋಳು ಹಿಡಿದೆ. "ಸಾಕಪ್ಪಾ. ಇವತ್ತೊಂದಿನ ಬಿಡು."

"ಇವತ್ತ ಸಡ್ಲ ಬಿಟ್ರ ಮುಗೀತ್ರಿ ಸರ. ಮುಂದಿನ ವಾರಾನೂ ಹಿಂಗ ಬಂದ ಕುಂದರ್ತಾಳ, ಕಾಕಾನೂ ಹಿಂಗ ಕುಂದರ್ತಾರ." ಅವನ ಮಾತು ಗಟ್ಟಿಯಿತ್ತು. ಮುಖ ಮಾತ್ರ ಗಟ್ಟಿಯಿರಲಿಲ್ಲ. ಗಳಿಗೆಗೊಮ್ಮೆ ತಿರುಗಿ ಒಳಗೆ ನೋಡುತ್ತಿದ್ದ.

ಸುತ್ತ ಜನ ಸೇರತೊಡಗಿದರು. "ಕಾಯ ಝಾಲಂ? ಏನಾತ್ರಿ?" ಎಂದು ಎರಡೂ ಭಾಷೆಯಲ್ಲಿ ವಿಚಾರಣೆ. ಎದುರಿನ ಗೋಡೆಯ ಮೇಲೆ ಬಿಸಿಲು ಹಂಚಿನ ತನಕ ಏರಿತ್ತು. ಹೊತ್ತು ಮುಳುಗಲು ಇನ್ನೆಷ್ಟು ಹೊತ್ತು?

ಆಗ ಅಕ್ಕಾತಾಯಿ ಹೊರಗೆ ಬಂದರು. ಸಂತೆಯ ಗದ್ದಲದಲ್ಲಿ ಅವರು ಅಂಗಡಿಯ ಮುಂದೆ ನಿಂತದ್ದನ್ನು ನಾನಂತೂ ಅದುವರೆಗೆ ನೋಡಿರಲಿಲ್ಲ. ಸೆರಗು ಬಿಗಿಮಾಡಿಕೊಂಡು ಶೇವಂತಾಳ ಮುಂದೆಯೇ ಕುಳಿತರು.

"ಶೇವಂತಾ, ಅವರಿಗೆ ವಯಸ್ಸಾಗೈತವಾ. ಬ್ಯಾನಿ ಮನಶ್ಯಾ. ಈ ಬುಟ್ಟಿ ತಗೊಂಡ ಸಂತಿಗೆ ಹೋಗು. ಯಾರಿಗರೆ ಮಾರು. ನಮ್ಮ ಕಣ್ಣ ಮುಂದ ಬ್ಯಾಡ."

ಇರುವೆಗೂ ಹಿಟ್ಟು ಹಾಕುವ ಹೆಣ್ಣುಮಗಳು, ಹಕ್ಕಿಯನ್ನು ತಿನ್ನುವವರಿಗೆ ಮಾರು ಎನ್ನುತ್ತಿದ್ದಾರೆ! ಗಂಡನ ಜೀವದ ಮುಂದೆ ಅವರಿಗೆ ಬೇರೇನೂ ಕಾಣುತ್ತಿರಲಿಲ್ಲ.

ಶೇವಂತಾ ಅವರ ಮುಖವನ್ನೇ ನೋಡಿದಳು. "ಸಂತ್ಯಾಗ ಯಾರ್ ತಗೋತಾರ ಅಕ್ಕಾರ? ಈಗೆಲ್ಲಾ ಮಂದಿ ಬ್ರಾಯ್ಲರ್ ಕೋಳಿ ತಿಂತಾರ. ಈ ಬೊಗಸಿ ಮಾಂಸ ಯಾರಿಗೆ ಬೇಕೈತ್ರಿ? ಕೇಳವರ ಇಲ್ಲದ ವರ್ಸಗಟ್ಲೆ ಆತು."

"ಮತ್ತ ಹಿಡೀತಿ ಯಾಕ?"

"ಸಾವಕಾರ್ರ ಸಲುವಾಗಿ!" ಇದನ್ನೂ ಕೇಳಬೇಕೇ ಎಂಬಂತೆ ಹೇಳಿದಳು. "ಹಕ್ಕಿ ಬಿಡಲಾರದ ಅವರು ಉಣ್ಣೂದಿಲ್ಲಲ್ರಿ? ನಾ ಒಂದ್ ಸಂತಿ ತಪ್ಪಿಸಿದ್ರ ಅವರು ಉಪಾಸ ಇರಬೇಕಲ್ಲ? ಅವರ ಜೋಳಾ ಉಂಡಾಕಿ ನಾ. ಜ್ವರಾ ಬಂದಾಗೂ ಬಲಿ ಹಾಕೀನಿ, ಸಂತಿ ತಪ್ಪಿಸಿಲ್ಲ."

ಮಾರುತಿ ಬಾಗಿಲಿನಿಂದ ಪಕ್ಕಕ್ಕೆ ಸರಿದ.

ತಿಳಿಯಿತೇ ನಿಮಗೆ? ಅವಳು ತರುತ್ತಾಳೆಂದು ಇವರು ಬಿಡಿಸುತ್ತಾರೆ. ಇವರು ಉಣ್ಣಬೇಕೆಂದು ಅವಳು ಹಿಡಿಯುತ್ತಾಳೆ. ಹಕ್ಕಿ ಬಾರದ ದಿನ ಇವರಿಗೆ ಈ ನೇಮವೇ ಇಲ್ಲವೆಂದು ಅವಳಿಗೆ ಯಾರೂ ಹೇಳಿಲ್ಲ. ತಿನ್ನುವವನು ಯಾವಾಗಲೋ ಎದ್ದು ಹೋಗಿದ್ದಾನೆ. ಇಡೀ ಸಂತೆಯಲ್ಲಿ ಕೌಜುಗಕ್ಕೆ ಉಳಿದ ಗಿರಾಕಿ ಒಬ್ಬರೇ, ನಮ್ಮ ನಿಸರ್ಗ ಮಂಡಳಿಯ ಅಧ್ಯಕ್ಷರು!

ಕಾಕಾ ಗಾದಿಯಿಂದ ಎದ್ದು ಬಂದಿದ್ದರು. ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದರು.

"ಯಾರೂ ತಿನ್ನೂದಿಲ್ಲ?"

"ಇಲ್ರಿ."

"ನಾ ಸತ್ತರ ಯಾರಿಗೆ ಕೊಡ್ತಿ?"

"ಥೂ, ಬಿಡ್ತು ಅನ್ರಿ!" ಶೇವಂತಾ ಸಿಟ್ಟಾದಳು. "ನೀವ ಇಲ್ಲಂದ್ರ ಇವನ್ನ ಯಾಕ ಹಿಡೀಲ್ರಿ ನಾ?"

ಕಾಕಾ ಏನೋ ಹೇಳಲು ಹೋದರು. ಮೊಣಕಾಲು ಕುಸಿಯಿತು. ಮಾರುತಿ ಹಾರಿ ಹಿಡಿದುಕೊಳ್ಳದಿದ್ದರೆ ಮೆಟ್ಟಿಲ ಮೇಲೆ ಬೀಳುತ್ತಿದ್ದರು. "ಅಯ್ಯ, ನನ ದೇವರ!" ಎಂದು ಅಕ್ಕಾತಾಯಿ ಚೀರಿದರು. ಬೆಲ್ಲದ ನೀರು ತಂದರು. ಕಾಕಾ ತುಟಿ ಬಿಗಿದು ತಲೆ ಅಲ್ಲಾಡಿಸಿದರು. ಎಂಥ ಹಟ ಮಾರಾಯರೇ! ನನಗೆ ಅಳು, ಸಿಟ್ಟು ಎರಡೂ ಒಟ್ಟಿಗೆ ಬಂದವು.

ಶೇವಂತಾ ಎದ್ದಳು. ಬುಟ್ಟಿಯನ್ನು ಸೊಂಟಕ್ಕೇರಿಸಿದಳು. "ನಡೀರಿ, ಬಿಟ್ಟ ಬರೂಣು. ನನಗೇನೂ ಬ್ಯಾಡ ಇವತ್ತ. ಮೊದಲ ಅವರು ಉಣ್ಣಲಿ."

ಟಾಂಗಾ ಕೂಗಿದೆವು. ಕಾಕಾನನ್ನು ಎತ್ತಿ ಕೂರಿಸಿದೆವು. ಅಕ್ಕಾತಾಯಿ ರೊಟ್ಟಿಯ ಬುತ್ತಿ ಕಟ್ಟಿಕೊಂಡೇ ಹತ್ತಿದರು. ಮಾರುತಿ ಸೈಕಲ್ ಮೇಲೆ ಹಿಂದೆ. ಟಾಂಗಾದವ ರೂಢಿಯಂತೆ ಬಸ್ತಿಯ ಕಡೆ ಹೊರಳಿಸಿದ.

"ಅಲ್ಲೆ ಬ್ಯಾಡೋ!" ಎಂದು ಶೇವಂತಾ ಕೂಗಿದಳು. "ಅಲ್ಲೆ ನನ್ನ ಬಲಿ ಐತಿ!"

ನಗಬೇಕೋ ಅಳಬೇಕೋ? ಟಾಂಗಾ ತಿರುಗಿಸಿ ರೈಲು ಹಳಿಯ ಕಡೆ ಓಡಿಸಿದೆವು. ಹಳಿ ದಾಟಿದರೆ ಕುರುಚಲು ಹುಲ್ಲಿನ ಬಯಲು. ಅವಳು ಇಳಿದು ಮುಚ್ಚಳ ತೆಗೆದಳು. ಹಕ್ಕಿಗಳು ಹೊರಬಂದು ಒಂದು ಗಳಿಗೆ ನಿಂತು, ಕೆಂಪು ನೂಲಿನ ಕಾಲುಗಳಲ್ಲಿ ಹುಲ್ಲಿನೊಳಗೆ ಓಡಿದವು. ಒಂದು ಮಾತ್ರ ಬುಟ್ಟಿಯ ತಳದಲ್ಲೇ ಬಿದ್ದಿತ್ತು. ಶೇವಂತಾ ಬೆರಳು ಒದ್ದೆ ಮಾಡಿ ಅದರ ಕೊಕ್ಕಿಗೆ ಹಚ್ಚಿದಳು. ಮತ್ತೊಮ್ಮೆ ಹಚ್ಚಿದಳು. ಅದು ಕಣ್ಣು ಬಿಟ್ಟಿತು, ಎದ್ದು ನಿಂತಿತು, ನಿಧಾನವಾಗಿ ನಡೆದು ಹೋಯಿತು.

ಸೂರ್ಯ ಇನ್ನೂ ಇದ್ದ. ಚಿಕ್ಕೋಡಿ ದಿಕ್ಕಿನ ಕಬ್ಬಿನ ಮೇಲೆ, ಕೆಂಪಗೆ.

ಅಕ್ಕಾತಾಯಿ ಬದುವಿನ ಮೇಲೆಯೇ ಬುತ್ತಿ ಬಿಚ್ಚಿದರು. "ಲಗೂ ಉಣ್ರಿ, ಹೊತ್ತ ಮುಳಗತೈತಿ." ಕಾಕಾ ರೊಟ್ಟಿ ಮುರಿದರು. ಪಲ್ಯ ಹಚ್ಚಿದರು. ಬಾಯಿಯ ಹತ್ತಿರ ಒಯ್ದರು. ನಾನು ನಿಟ್ಟುಸಿರು ಬಿಡಬೇಕು, ಅಷ್ಟರಲ್ಲಿ ಕೈ ಅಲ್ಲೇ ನಿಂತಿತು.

"ಶೇವಂತಾ, ನೀ ಉಂಡಿ?"

ಅವಳು ಖಾಲಿ ಬುಟ್ಟಿ ಕೊಡವುತ್ತಿದ್ದಳು. ನಕ್ಕಳು.

"ಇಲ್ರಿ. ಮುಂಜಾನಿಂದ ನಾನೂ ಉಂಡಿಲ್ಲ. ನಂದಕ್ಕ ಯಾರೂ ವ್ರತ ಅನ್ನೂದಿಲ್ಲಲ್ರಿ."

ಕಾಕಾ ಆ ತುತ್ತನ್ನು ಅವಳ ಕಡೆ ಚಾಚಿದರು. ಅವಳು ತೆಗೆದುಕೊಂಡು ತಿನ್ನುವ ತನಕ ತಾವು ಮುಟ್ಟಲಿಲ್ಲ. ಮಾರುತಿ ಸೈಕಲ್ಲಿನ ಚೈನು ನೋಡುತ್ತ ನಿಂತ. ನಾನು ಸೂರ್ಯನನ್ನು ನೋಡುತ್ತ ನಿಂತೆ.

ಬುಟ್ಟಿಯೊಳಗಿನ ಬಾಯಾರಿಕೆಯನ್ನು ಸಂದಿಯಿಂದ ಬಗ್ಗಿ ಬಗ್ಗಿ ನೋಡಿದ ನಮಗೆ, ಬುಟ್ಟಿಯ ಪಕ್ಕದಲ್ಲೇ ಕುಳಿತ ಹಸಿವು ಯಾಕೆ ಕಾಣಲಿಲ್ಲ?