ಪಡಸಾಲೆಯ ಪ್ಲಾಟ್‌ಫಾರ್ಮು

ಜೇವರ್ಗಿಗೆ ಇವತ್ತಿನ ತನಕ ರೈಲು ಬಂದಿಲ್ಲ. ಕಲಬುರಗಿ–ವಿಜಯಪುರ ರಸ್ತೆಯ ಮೇಲೆ ಲಾರಿ, ಬಸ್ಸು, ಕಬ್ಬಿನ ಟ್ರ್ಯಾಕ್ಟರು, ಕುರಿ ಹಿಂಡು ಎಲ್ಲ ಬರುತ್ತವೆ. ರೈಲು ಮಾತ್ರ ಯಾವ ಕಾರಣಕ್ಕೋ ನಮ್ಮ ಊರಿನ ಮೇಲೆ ಮುನಿಸಿಕೊಂಡಿದೆ. ಎಲ್ಲವನ್ನೂ ಸರಕಾರದ ತಲೆಯ ಮೇಲೆ ಹಾಕಿ ಕೂಡುವುದು ಒಳ್ಳೆಯ ನಾಗರಿಕನ ಲಕ್ಷಣವಲ್ಲವಾದ್ದರಿಂದ, ನೌಕರಿಯಿಂದ ನಿವೃತ್ತನಾದ ಮೇಲೆ ಈ ಹೊಣೆಯನ್ನು ನಾನೇ ಹೊತ್ತುಕೊಂಡೆ. ಸೊಲ್ಲಾಪುರದ ಮಗಳು ಬ್ಯಾಟರಿ ಸೆಲ್ಲಿನ ಒಂದು ಆಟಿಕೆ ರೈಲನ್ನು, ಒಂದು ಚೀಲ ಹಳಿಗಳ ಸಮೇತ, ಕಳಿಸಿದ್ದಳು. ಅಪ್ಪ ಬಾಯಿ ಮುಚ್ಚಿಕೊಂಡು ಒಂದು ಕಡೆ ಕೂಡಲಿ ಎಂಬುದು ಅವಳ ದೂರದೃಷ್ಟಿ. ಪಡಸಾಲೆಯ ಹಳೆಯ ಮೇಜಿನ ಮೇಲೆ ಸ್ಟೇಷನ್ ಕಟ್ಟುವುದೆಂದು ತೀರ್ಮಾನಿಸಿದೆ. ಭೂಸ್ವಾಧೀನಕ್ಕೆ ವಿರೋಧ ಬಂದದ್ದು ಒಂದೇ ಕಡೆಯಿಂದ.

“ಮೇಜು ಏನ್ ನಿಮ್ಮಪ್ಪಂದೇನ್ರಿ? ನಮ್ಮ ತವರುಮನಿಯಿಂದ ಬಂದದ್ದದು,” ಎಂದಳು ನಮ್ಮಾಕಿ.

ಒಂದು ತುದಿಯಲ್ಲಿ ಪುಂಡಿಪಲ್ಯ ಸೋಸಲು ಮೊಳದಷ್ಟು ಜಾಗ ಖಾಲಿ ಬಿಡಬೇಕೆಂಬ ಷರತ್ತಿನ ಮೇಲೆ ಒಪ್ಪಂದವಾಯಿತು. ಚಪ್ಪಲಿ ಡಬ್ಬಿ ಸ್ಟೇಷನ್ ಕಟ್ಟಡವಾಯಿತು. ಶಹಾಬಾದ್ ಫರಸಿ ಕಡಿಯುವವನ ಅಂಗಳದಿಂದ ಆಯ್ದು ತಂದ ಚೂರುಗಳು ನೆಲಹಾಸಾದವು. ಕಟ್ಟಿ ಮುಗಿದ ದಿನ ದೂರ ನಿಂತು ನೋಡಿದೆ. ಬಹಳ ಚೆನ್ನಾಗಿತ್ತು, ಆದರೆ ಯಾರೂ ಅಲ್ಲಿಂದ ಯಾವ ಊರಿಗೂ ಹೋಗುವ ಹಾಗೆ ಕಾಣುತ್ತಿರಲಿಲ್ಲ.

ಹೀಗಿರುವಾಗ ಒಂದು ಮುಂಜಾನೆ ಮೂರನೇ ಮನೆಯ ವೈನಿ ತಮ್ಮ ಗಂಡನ ತೋಳು ಹಿಡಿದುಕೊಂಡು ಬಂದರು. ಆತ ನನ್ನ ಹಳೆಯ ಗೆಳೆಯ, ಓಣಿಯ ಬಾಯಲ್ಲಿ ‘ಪೇಂಟರ್’. ಆಳಂದದಲ್ಲಿ ಕುಂಚ ಹಿಡಿಯಲು ಕಲಿತು, ಅಫಜಲಪುರದಲ್ಲಿ ಹೆಸರು ಮಾಡಿ, ಜೇವರ್ಗಿಯಲ್ಲಿ ನೆಲೆ ನಿಂತವನು. ಈ ಮೂರು ತಾಲೂಕುಗಳಲ್ಲಿ ಕಿರಾಣಿ ಅಂಗಡಿ ಇರಲಿ, ಹಿಟ್ಟಿನ ಗಿರಣಿ ಇರಲಿ, ಅತನೂರಿನ ಶಾಲೆಯ ಗೋಡೆ ಇರಲಿ, ಅದರ ಮೇಲಿನ ಅಕ್ಷರ ದುಂಡಗಿದ್ದರೆ ಆತನದೇ ಎಂದು ಕಣ್ಣು ಮುಚ್ಚಿ ಹೇಳಬಹುದಿತ್ತು. ಫ್ಲೆಕ್ಸು ಬಂದ ಮೇಲೂ ಟ್ರ್ಯಾಕ್ಟರಿನ ಡಬ್ಬಿಯ ಹಿಂದೆ, ಗುಡಿಯ ಕಮಾನಿನ ಮೇಲೆ ಆತನ ಕೈ ಆಡುತ್ತಲೇ ಇತ್ತು. ಹೋದ ಬೇಸಿಗೆಯಲ್ಲಿ ಲಕ್ವಾ ಹೊಡೆದು ಬಲಗೈ ಬಿತ್ತು. ಮಾತು ತಿರುಗಿ ಬಂತು, ಕಾಲು ಎಳೆದುಕೊಂಡಾದರೂ ಬಂತು. ಕೈ ಬರಲಿಲ್ಲ.

“ಇವರ್ನ ಸ್ವಲ್ಪ ನಿಮ್ಮ ಕಡೆ ಕೂಡಿಸ್ಕೋರಿ,” ಎಂದರು ವೈನಿ. “ಬೆರಳು ಆಡಸ್ರಿ, ಬ್ಯಾಳಿ ಆರಸ್ರಿ, ಕೈ ತಿರುಗಿ ಬರ್ತದ ಅಂತ ದವಾಖಾನ್ಯಾಗ ಬಡ್ಕೊಂಡು ಹೇಳ್ಯಾರ. ಇವರು ಕೇಳಂಗಿಲ್ಲ. ದಿನಾ ಗ್ವಾಡಿ ನೋಡ್ಕೋತ ಕೂಡೂದು.”

“ಬ್ಯಾಳಿ ಆರಸೂದು ನನ್ನ ಕೆಲ್ಸ ಅಲ್ಲ,” ಎಂದ ಪೇಂಟರ್, ಯಾರ ಮುಖವನ್ನೂ ನೋಡದೆ.

ವೈನಿ ಅಡಿಗೆಮನೆಗೆ ಹೋಗಿ ನಮ್ಮಾಕಿಯ ಮುಂದೆ ದನಿ ಇಳಿಸಿದ್ದು ನನಗೂ ಕೇಳಿಸಿತು. ಕೈ ಹಿಂಗೇ ಬಿಟ್ಟರೆ ಇನ್ನು ಕೆಲವು ತಿಂಗಳಿಗೆ ಹಿಂಗೇ ಸೆಟೆದು ನಿಲ್ಲುತ್ತದಂತೆ. ಆಮೇಲೆ ಯಾವ ಮದ್ದೂ ಇಲ್ಲವಂತೆ. “ಒಂದಕ್ಷರ ಬರದ್ರ ಸಾಕವ್ವಾ. ಒಂದೇ ಒಂದು. ಆಮ್ಯಾಲ ಮನುಷ್ಯಾ ತಾನ ಎದ್ದು ಕೂಡ್ತಾನ.”

ನಾನು ಆತನನ್ನು ಸ್ಟೇಷನ್ನಿನ ಮುಂದೆ ಕೂಡಿಸಿ, ಉದ್ಘಾಟನೆಗೆ ಬಂದ ಮಂತ್ರಿಗಳಿಗೆ ತೋರಿಸುವ ಗತ್ತಿನಲ್ಲಿ ಎಲ್ಲ ತೋರಿಸಿದೆ. ಆತ ನೋಡಿದ. ಬಹಳ ಹೊತ್ತು ನೋಡಿದ. ಆಮೇಲೆ ಬಾಯಿಯ ಒಂದು ಮಗ್ಗುಲು ಮೇಲೆ ಹೋಯಿತು, ಹೊಟ್ಟೆ ಕುಲುಕಿತು. ನಗುತ್ತಿದ್ದ.

“ಲೇ, ಇದು ಬಸ್‌ಸ್ಟ್ಯಾಂಡ್ ಅದಲೇ!”

ನೋಡಿದರೆ ಹೌದು. ನನ್ನ ಹಳಿಗಳು ಪ್ಲಾಟ್‌ಫಾರ್ಮಿನ ಪಕ್ಕದಲ್ಲಿ ಹಾದುಹೋಗುತ್ತಿರಲಿಲ್ಲ. ನೇರವಾಗಿ ಬಂದು ಅದಕ್ಕೆ ಮೂಗು ತಾಗಿಸಿ ನಿಂತಿದ್ದವು, ನಮ್ಮ ಬಸ್‌ಸ್ಟ್ಯಾಂಡಿನಲ್ಲಿ ಬಸ್ಸುಗಳು ನಿಂತ ಹಾಗೆ. ಪ್ಲಾಟ್‌ಫಾರ್ಮಿಗೂ ನೆಲಕ್ಕೂ ಎತ್ತರದ ಭೇದವೇ ಇರಲಿಲ್ಲ. ರೈಲಿನಲ್ಲಿ ನಾನು ಓಡಾಡಿಲ್ಲವೆಂದಲ್ಲ. ಆದರೆ ಜೇವರ್ಗಿಯವನ ಕೈಗೆ ‘ನಿಲ್ದಾಣ’ ಎಂದರೆ ಗೊತ್ತಿರುವುದು ಅದೊಂದೇ.

“ರಿವರ್ಸ್ ಹ್ಯಾಂಗ ತಗೋತದೋ ಇದು? ಕಂಡಕ್ಟರ್ ಹಿಂದ ನಿಂತು ‘ರೈಟ್, ರೈಟ್’ ಅಂತಾನೇನು?”

ಒಳಗಿನಿಂದ ವೈನಿ ಓಡಿಬಂದರು. ಲಕ್ವಾ ಹೊಡೆದ ಮೇಲೆ ಆತ ನಕ್ಕದ್ದು ಇದೇ ಮೊದಲಂತೆ. ನನ್ನ ಮಾನ ಹೋಗಿದ್ದಕ್ಕೆ ಆ ಮನೆಯಲ್ಲಿ ಆ ದಿನ ಹುಗ್ಗಿ ಮಾಡಿದರು.

ಮಾನ ಹೋದ ಮೇಲೆ ಅಧ್ಯಯನ ಪ್ರವಾಸ ಅನಿವಾರ್ಯ. ನಾವು ಮೂವರು, ಅಂದರೆ ಪೇಂಟರ್, ವೈನಿ ಮತ್ತು ನಾನು, ಒಂದು ಬಾಡಿಗೆ ಗಾಡಿ ಮಾಡಿಕೊಂಡು ಅಫಜಲಪುರ ತಾಲೂಕಿನ ಗಾಣಗಾಪುರ ರೋಡ್ ಸ್ಟೇಷನ್ನಿಗೆ ಹೋದೆವು. ಯಾರನ್ನೂ ಕರೆತರಲಿಕ್ಕಿಲ್ಲ, ಎಲ್ಲಿಗೂ ಹೋಗಲಿಕ್ಕಿಲ್ಲ. ಬೆಂಚಿನ ಮೇಲೆ ಕೂತು ಪ್ಲಾಟ್‌ಫಾರ್ಮು ನೋಡುವುದಷ್ಟೇ ಕಾರ್ಯಕ್ರಮ. ಕೆಲಸವಿಲ್ಲದೆ ಸ್ಟೇಷನ್ನಿನಲ್ಲಿ ಕೂತು ನೋಡಿದ್ದೀರಾ? ನಾನು ನೋಡಿರಲಿಲ್ಲ. ಇಷ್ಟು ವರ್ಷ ಪ್ಲಾಟ್‌ಫಾರ್ಮಿನ ಮೇಲೆ ನಿಂತು ರೈಲು ಬರುವ ದಿಕ್ಕನ್ನೇ ನೋಡಿದ್ದೆ. ಕಾಲ ಕೆಳಗೆ ಏನಿದೆಯೆಂದು ನೋಡಿದವನಲ್ಲ.

ನಳದ ಕೆಳಗಿನ ಕಲ್ಲು ಹನಿ ಬಿದ್ದಷ್ಟಗಲ ಮಾತ್ರ ಹಸಿರಾಗಿತ್ತು. ಕಂಬಗಳಿಗೆ ಎಲೆ ಅಡಿಕೆಯ ಕೆಂಪು ಒಂದೇ ಎತ್ತರಕ್ಕೆ ಏರಿ ನಿಂತಿತ್ತು, ಊರಿನ ಉಗುಳೆಲ್ಲ ಸೇರಿ ಸಭೆ ಮಾಡಿ ಗೆರೆ ಎಳೆದ ಹಾಗೆ. ಅಂಚಿನ ಹಳದಿ ಪಟ್ಟೆ ಎಲ್ಲ ಕಡೆ ಸವೆದಿರಲಿಲ್ಲ. ರೈಲು ಡಬ್ಬಿಯ ಬಾಗಿಲು ಬಂದು ನಿಲ್ಲುವ ಜಾಗಗಳಲ್ಲಷ್ಟೇ ಸವೆದಿತ್ತು. ಸಿಮೆಂಟು ಬೆಂಚಿನ ಅಂಚು ಎಷ್ಟೋ ಜನರ ಅಂಗೈ ತಾಗಿ ಎಣ್ಣೆ ಹಚ್ಚಿದ ಹಾಗೆ ಹೊಳೆಯುತ್ತಿತ್ತು. ದತ್ತನ ದರ್ಶನ ಮುಗಿಸಿ ಬಂದ ಒಬ್ಬ ಮುದುಕಿ ಗಂಟನ್ನೇ ದಿಂಬು ಮಾಡಿಕೊಂಡು ಮಲಗಿದ್ದಳು. ಮೈಗೆ ನಿದ್ದೆ ಬಂದಿದ್ದರೂ ಕಾಲ ಹೆಬ್ಬೆರಳು ಚಪ್ಪಲಿಯ ಉಂಗುಷ್ಟ ಬಿಟ್ಟಿರಲಿಲ್ಲ. ನಾನು ಬಾಯಿ ತೆರೆದುಕೊಂಡು ಕೂತಿದ್ದೆ. ಯಾರೂ ಬೇಕೆಂದು ಮಾಡಿರದ ಕೆಲಸ ಇಷ್ಟು ನಾಜೂಕಾಗಿ ಆಗಿರುತ್ತದೆಂದು ನನಗೆ ಗೊತ್ತಿರಲಿಲ್ಲ.

ಅಷ್ಟರಲ್ಲಿ ನಿಲ್ಲದ ಗಾಡಿಯೊಂದು ಬಂತು. ಮೊದಲು ಹಳಿ ಸಣ್ಣಗೆ ಹಾಡಿತು, ಆಮೇಲೆ ಬೆಂಚು ನಡುಗಿತು, ಆಮೇಲೆ ಲೋಕವೆಲ್ಲ ಕಬ್ಬಿಣವಾಯಿತು. ಹೋದ ಮೇಲೆ ಧೂಳು ತನ್ನ ಪಾಡಿಗೆ ತಾನು ಇಳಿಯತೊಡಗಿತು. ಮುದುಕಿ ಎದ್ದಿರಲೇ ಇಲ್ಲ.

“ನೋಡಿದ್ಯಾ?” ಎಂದೆ.

ಪೇಂಟರ್ ಗಾಡಿ ನೋಡಿರಲಿಲ್ಲ. ಬಲಗೈಯನ್ನು ತೊಡೆಯ ಮೇಲೆ ಮಲಗಿದ ಕೂಸಿನ ಹಾಗೆ ಎಡಗೈಯಿಂದ ಹಿಡಿದುಕೊಂಡು ಪ್ಲಾಟ್‌ಫಾರ್ಮಿನ ತುದಿಯ ಹಳದಿ ಫಲಕವನ್ನೇ ನೋಡುತ್ತಿದ್ದ. “ಗಾಳಿ ಅಷ್ಟು ಹೊಡದ್ರೂ ಅಕ್ಷರ ನೋಡಲೇ,” ಎಂದ. “ಹ್ಯಾಂಗ ಕಾಲೂರಿ ನಿಂತಾವ.”

ತಿರುಗಿ ಬಂದು ಹಳಿ ಕಿತ್ತು ಹೊಸದಾಗಿ ಹಾಕಿದೆವು. ಪ್ಲಾಟ್‌ಫಾರ್ಮಿಗೆ ಎತ್ತರ ಬಂತು. ಅಂಚಿಗೆ ಕಲ್ಲು ಬೇಕಾಯಿತು. ತೊಗರಿಬೇಳೆಯಷ್ಟು ಒಪ್ಪುವ ಕಲ್ಲು ಕಲಬುರಗಿ ಜಿಲ್ಲೆಯಲ್ಲಿ ಇನ್ನೊಂದಿಲ್ಲ. ಒಂದೇ ಅಳತೆಯ ಬೇಳೆ ಬೇಕು, ಚಪ್ಪಟೆ ಮಗ್ಗುಲು ಕೆಳಗೆ ಮಾಡಿ ಸಾಲಾಗಿ ಅಂಟಿಸಬೇಕು. ದವಾಖಾನೆಯವರು ಹೇಳಿದಾಗ ಒಲ್ಲೆನೆಂದವನು ಈಗ ರೈಲ್ವೆ ಇಲಾಖೆಯ ಪರವಾಗಿ ತಾಟಿನ ತುಂಬ ಬೇಳೆ ಹಾಕಿಕೊಂಡು ಕೂತ. ಆರಿಸುತ್ತಿದ್ದದ್ದು ಮಾತ್ರ ಎಡಗೈ.

ಇಲ್ಲಿ ನಾನು ಆಡಳಿತದ ಅನುಭವವನ್ನು ಬಳಸಿದೆ. “ಭೂತಗನ್ನಡಿ ಹಿಡಿಲಿಕ್ಕೆ ಒಂದು ಕೈ ಬೇಕಪಾ, ನನ್ನ ಎರಡೂ ಅಂಟಿನ್ಯಾಗ ಅವ,” ಎಂದು ಎಡಗೈಗೆ ಭೂತಗನ್ನಡಿಯ ಹೆಚ್ಚುವರಿ ಪ್ರಭಾರ ವಹಿಸಿದೆ. ಆತ ನನ್ನ ಮುಖ ನೋಡಿದ. ಸಂಚು ತಿಳಿಯದಷ್ಟು ದಡ್ಡನಲ್ಲ. ಬಲಗೈಯನ್ನು ತಾಟಿನ ಕಡೆ ಜರುಗಿಸಿದ.

ಬೇಳೆ ಉದುರಿತು. ಮತ್ತೆ ಉದುರಿತು. ಅಡಿಗೆಮನೆಯಿಂದ, “ನೆಲದ ಮ್ಯಾಲ ಚೆಲ್ಲಿದ್ದೆಲ್ಲಾ ನಾಳೆ ಸಾರಿಗೆ ನೋಡ್ರಿ,” ಎಂಬ ದನಿ ಬಂತು. ಹಲವು ದಿನ ಇದೇ ನಡೆಯಿತು. ಕೊನೆಗೊಂದು ಸಂಜೆ, ಹೆಬ್ಬೆರಳೂ ತೋರುಬೆರಳೂ ಬಹಳ ವರ್ಷ ಮಾತು ಬಿಟ್ಟ ದಾಯಾದಿಗಳ ಹಾಗೆ ಹತ್ತಿರ ಬಂದು, ಒಂದು ಬೇಳೆಯನ್ನು ಎತ್ತಿದವು. ಅದು ಪ್ಲಾಟ್‌ಫಾರ್ಮಿನ ಅಂಚಿಗೆ ಹೋಗಿ ಕೂತಿತು. ಸ್ವಲ್ಪ ಸೊಟ್ಟ. ಅದನ್ನು ಸರಿಪಡಿಸುವ ಧೈರ್ಯ ನನಗಾಗಲಿಲ್ಲ.

ಆಮೇಲೆ ಕೆಲಸ ಬೆಳೆಯಿತು. ಹಸಿರು ಬಣ್ಣವನ್ನು ಸೂಜಿಯ ಮೊನೆಯಿಂದ ನಳದ ಕೆಳಗೆ ಇಟ್ಟೆವು. ಕಂಬಗಳಿಗೆ ಉಗುಳಲು ನಮ್ಮಾಕಿಯ ಕುಂಕುಮ ಬೇಡಿದೆ. ಇಂಥ ಕೆಲಸಕ್ಕೆ ಕುಂಕುಮ ಕೊಡುವುದಿಲ್ಲವೆಂದು ಅವಳು ಖಾರದ ಪುಡಿ ಕೊಟ್ಟಳು. ಹಳೆಯ ಇಳಕಲ್ ಸೀರೆಯ ಎಳೆಯಿಂದ ಪ್ರಯಾಣಿಕರ ಗಂಟುಗಳಾದವು. ಎಲ್ಲ ಮುಗಿದ ಮೇಲೆ ಗೆಳೆಯನ ಸೂಚನೆಯಂತೆ ಕೆನ್ನೆಯನ್ನು ಮೇಜಿಗೆ ಹಚ್ಚಿ ಒಂದು ಕಣ್ಣಿನಿಂದ ನೋಡಿದೆ. ಮೇಜಿರಲಿಲ್ಲ, ಪಡಸಾಲೆಯಿರಲಿಲ್ಲ. ಕಿಟಕಿಯ ಸಂಜೆ ಬಿಸಿಲು ಉದ್ದಕ್ಕೆ ಬಿದ್ದ ಪ್ಲಾಟ್‌ಫಾರ್ಮೊಂದು ದೂರದ ತನಕ ಹೋಗಿತ್ತು. ಅಲ್ಲಿ ಯಾರೋ ಈಗಷ್ಟೇ ಎದ್ದು ಹೋಗಿದ್ದರು, ಇನ್ಯಾರೋ ಬರುವವರಿದ್ದರು. ನನ್ನ ಕೈಯಿಂದಲೇ ಅಂಟಿಸಿದ ಬೇಳೆಯ ಮುಂದೆ ನಾನು ಉಸಿರು ಹಿಡಿದುಕೊಂಡು ಬಗ್ಗಿದ್ದೆ.

ಉಳಿದದ್ದು ಹೆಸರಿನ ಫಲಕ. ಗೆಳೆಯನಿಗೆ ಕಷ್ಟ ಕೊಡಬಾರದೆಂದು ನಾನು ಫ್ಲೆಕ್ಸಿನ ಅಂಗಡಿಯಲ್ಲಿ ‘ಜೇವರ್ಗಿ’ ಎಂದು ಹಳದಿಯ ಮೇಲೆ ಕರಿ ಅಕ್ಷರದಲ್ಲಿ ಬೆರಳುದ್ದದ ಚೀಟಿ ಮಾಡಿಸಿ ತಂದು ಅಂಟಿಸಿದೆ. ಸಮುದ್ರಮಟ್ಟದಿಂದ ಎಷ್ಟು ಎತ್ತರವೆಂದು ಕೆಳಗೆ ಹಾಕಬೇಕಾಗಿತ್ತು. “ನೆಲದಿಂದ ಸೊಂಟದ ಮಟ ಅಂತ ಬರೀರಿ,” ಎಂದಳು ನಮ್ಮಾಕಿ.

ಮರುದಿನ ಪೇಂಟರ್ ಬಂದ. ಫಲಕ ನೋಡಿದ. ಕುರ್ಚಿಯಲ್ಲಿ ಕೂಡಲಿಲ್ಲ. ಚೀಟಿಯ ಮೂಲೆಗೆ ಉಗುರು ಹಾಕಿ ಕಿತ್ತ, ಮುದ್ದೆ ಮಾಡಿ ಪುಂಡಿಪಲ್ಯದ ಕಸದಲ್ಲಿ ಎಸೆದ.

“ಹಳದಿ ಕೊಡು,” ಎಂದ.

ವೈನಿಯನ್ನು ಕರೆಯಲು ನಮ್ಮಾಕಿ ಹಿಂಬಾಗಿಲಿನಿಂದ ಓಡಿದಳು. ಆತ ಎಡಗೈಯಿಂದ ಫಲಕಕ್ಕೆ ಹಳದಿ ಬಳಿದು, ಒಣಗುವ ತನಕ ಕಾದ. ಆಮೇಲೆ ಕರಿ ಬಣ್ಣದಲ್ಲಿ ಅದ್ದಿದ ಸಣ್ಣ ಕುಂಚವನ್ನು ಬಲಗೈಯ ಬೆರಳುಗಳ ನಡುವೆ ಎಡಗೈಯಿಂದ ತುರುಕಿ, ಮಣಿಕಟ್ಟನ್ನು ಎಡಗೈಯಿಂದಲೇ ಹಿಡಿದು ಬಗ್ಗಿದ. ಕುಂಚದ ತುದಿ ಒದ್ದೆ ನಾಯಿಯ ಹಾಗೆ ನಡುಗುತ್ತಿತ್ತು. ಅದು ಹಳದಿಯನ್ನು ಮುಟ್ಟಿದ ಕ್ಷಣ ನಡುಕ ನಿಂತಿತು. ನಾನು ಕಣ್ಣಾರೆ ನೋಡಿದೆ. ಬೇಳೆಯ ಮೇಲೆ, ಗಂಟಿನ ಮೇಲೆ ಒಮ್ಮೆಯೂ ನಿಲ್ಲದ ಕೈ ಬಣ್ಣದ ಮೇಲೆ ನಿಂತಿತು. ನಿಧಾನವಾಗಿ ಒಂದು ದುಂಡು ಎದ್ದಿತು, ಬಾಗಿತು, ತಿರುಗಿ ಬಂದು ಕೂಡಿಕೊಂಡಿತು. ‘ಜೇ.’

ವೈನಿ ಬಾಗಿಲಲ್ಲಿ ಸೆರಗು ಬಾಯಿಗೆ ಹಿಡಿದುಕೊಂಡು ನಿಂತಿದ್ದರು. ಅವರ ಬೆನ್ನ ಹಿಂದಿನಿಂದ ನಮ್ಮಾಕಿ ಇಣುಕುತ್ತಿದ್ದಳು.

ಪೇಂಟರ್ ತಲೆ ಹಿಂದಕ್ಕೆ ತೆಗೆದು, ಕಣ್ಣು ಕಿರಿದು ಮಾಡಿ ನೋಡಿದ.

“ಥೂ,” ಎಂದ. “ಬಲಕ್ಕ ವಾಲ್ಯದ.”

“ಏ, ಚಲೋ ಅದ ಬಿಡೋ ಮಾರಾಯಾ!”

“ನಿನಗೇನ್ ತಿಳೀತದ? ಬಸ್‌ಸ್ಟ್ಯಾಂಡ್ ಕಟ್ಟಾಂವ ನೀ.”

ಸೀಮೆ ಎಣ್ಣೆಯ ಅರಿವೆ ತೆಗೆದುಕೊಂಡ. ವೈನಿಯ ಕೈ ತಡೆಯಲು ಮುಂದೆ ಬಂದು ಗಾಳಿಯಲ್ಲೇ ನಿಂತಿತು. ಎಷ್ಟೋ ದಿನ ಬೇಡಿಕೊಂಡಿದ್ದ ಆ ಒಂದೇ ಒಂದು ಅಕ್ಷರವನ್ನು ಆತ ನಮ್ಮ ಕಣ್ಣೆದುರಿಗೇ ಒರೆಸಿ ಹಾಕಿದ. ಒರೆಸಿದ್ದು ಬಲಗೈಯಿಂದ, ಎಡಗೈಯ ಆಸರೆ ಇಲ್ಲದೆ. ಅದು ಆತನ ಗಮನಕ್ಕೇ ಬಂದಿರಲಿಲ್ಲ.

“ನೋಡ್ಕೋತ ಏನ್ ನಿಂತಿಯಬೇ?” ಎಂದು ಹೆಂಡತಿಯ ಕಡೆ ತಿರುಗಿದ. “ಮನಿಗಿ ಹೋಗಿ ನನ್ನ ಚಪ್ಪಟಿ ಕುಂಚ ತಗೊಂಬಾ.”

“ಹೊಂಟೇನ್ರಿ,” ಎಂದರು ವೈನಿ, ಆದರೆ ಬಾಗಿಲಿನಿಂದ ಕದಲಲಿಲ್ಲ.