ಹಳೆಯ ದರದ ಪೆಟ್ರೋಲು

ನನ್ನ ಮನೆಮಾಲೀಕರಾದ ಕಾಕಾ ಜೋಳದ ನುಚ್ಚನ್ನೂ ಚಮಚದಿಂದಲೇ ಉಣ್ಣುತ್ತಿದ್ದರು. ಸೀಗೆಪುಡಿ ಹಾಕಿ ಎಷ್ಟು ತಿಕ್ಕಿದರೂ ಅವರ ಅಂಗೈಯ ಬಿರುಕುಗಳಿಂದ ಪೆಟ್ರೋಲಿನ ವಾಸನೆ ಹೋಗುತ್ತಿರಲಿಲ್ಲ. ಹುಬ್ಬಳ್ಳಿ ರಸ್ತೆಯಲ್ಲಿ ಅವರದೊಂದು ಸಣ್ಣ ಪೆಟ್ರೋಲ್ ಪಂಪು. ಹೆಂಡತಿ ತೀರಿಕೊಂಡಿದ್ದರು, ಮಕ್ಕಳಿರಲಿಲ್ಲ.

ಅರವತ್ತರ ದಶಕದ ಆರಂಭದಲ್ಲಿ ನಾನು ಧಾರವಾಡಕ್ಕೆ ಶಿಕ್ಷಕಿಯಾಗಿ ಬಂದಾಗ ಅಲ್ಲಿನ ಸಪ್ತಾಪುರದಲ್ಲಿ ಒಂಟಿ ಹೆಣ್ಣಿಗೆ ಕೋಣೆ ಸಿಗುವುದು ಸುಲಭವಿರಲಿಲ್ಲ. ಮನೆತನ ಯಾವುದೆಂದು ಕೇಳಿದವರು, ಉತ್ತರ ಕೇಳಿದ ಮೇಲೆ ಕೋಣೆ ಖಾಲಿ ಇಲ್ಲ ಎನ್ನುತ್ತಿದ್ದರು. ಕೋಣೆ ಕೊಟ್ಟ ಕಾಕಾ ಕೇಳಿದ್ದು ಒಂದೇ: "ನೀರು ಮುಂಜಾನಿ ಅಷ್ಟ ಬರತಾವು, ನಡೀತೈತೇನವ್ವಾ?"

ಅವರಿಗೊಬ್ಬ ಗೆಳೆಯರಿದ್ದರು, ಹುಬ್ಬಳ್ಳಿಯ ಟ್ಯಾಕ್ಸಿಯವರು. ಸಂಜೆ ಪೆಟ್ರೋಲಿಗೆ ಬಂದವರು ಪಂಪಿನ ಮುಂದಿನ ಮರದ ಬಾಕಿನ ಮೇಲೆ ಕುಳಿತು ಚಹಾ ಕುಡಿದೇ ಹೋಗುವುದು. ಶಾಲೆಯಿಂದ ಬರುವಾಗ ನನಗೂ ಅಲ್ಲೊಂದು ಕಪ್ ಚಹಾ ಸಿಗುತ್ತಿತ್ತು. ಕಾಕಾ ಬಾಯಿತುಂಬ ನಕ್ಕದ್ದನ್ನು ನಾನು ನೋಡಿದ್ದು ಆ ಬಾಕಿನ ಮೇಲೆ ಮಾತ್ರ.

ಒಂದು ವರ್ಷ ಬಜೆಟ್ಟಿನಲ್ಲಿ ಸರಕಾರ ಪೆಟ್ರೋಲಿನ ತೆರಿಗೆ ಏರಿಸಿತು. ಮರುದಿನ ಎಲ್ಲ ಪಂಪುಗಳೂ ಹೊಸ ದರ ಬರೆದವು. ಕಾಕಾ ಬರೆಯಲಿಲ್ಲ. ಅವರ ಪಂಪಿನ ನೆಲದಡಿಯ ಟಾಕಿಯಲ್ಲಿದ್ದದ್ದು ಮೊದಲೇ ಕೊಂಡ ಪೆಟ್ರೋಲು. "ಹಳೇ ದರದಾಗ ಬಂದದ್ದು ಹಳೇ ದರದಾಗ ಹೋಗ್ಲಿ," ಎಂದರು. ಗಾಡಿಗಳು ಸಾಲುಗಟ್ಟಿದವು, ಜನ ಹರಸಿದರು. ಉಳಿದ ಪಂಪಿನವರು ಬಂದು, "ನಮ್ಮನ್ನ ಕಳ್ಳರನ್ನ ಮಾಡಿದ್ರಿ," ಎಂದು ಬೈದು ಹೋದರು.

ಟಾಕಿ ಬರಿದಾಯಿತು. ಹೊಸ ಪೆಟ್ರೋಲು ಹೊಸ ತೆರಿಗೆ ಹೊತ್ತೇ ಬಂತು. ಕಾಕಾ ಫಲಕದ ಮೇಲೆ ಹೊಸ ದರ ಬರೆದ ದಿನ, ಹರಸಿದ್ದ ಜನರೇ ಕೂಗಾಡಿದರು. ಆ ಗುಂಪಿನ ಮುಂದೆ ನಿಂತಿದ್ದವರು ಅದೇ ಟ್ಯಾಕ್ಸಿಯ ಗೆಳೆಯರು. ಅವರ ಟ್ಯಾಕ್ಸಿಯ ಬಾಡಿಗೆ ಏರಿರಲಿಲ್ಲ, ಮನೆಯಲ್ಲಿ ಉಣ್ಣುವ ಬಾಯಿಗಳು ಬಹಳ.

"ನಿನ್ನಿ ಮನಸಿರ್ಲಿಲ್ಲ, ಏರಿಸಲಿಲ್ಲ. ಇವತ್ತ ಮನಸಾತು, ಏರಿಸಿದಿ. ಅಂದ್ರ ಎಲ್ಲಾ ನಿನ್ನ ಕೈಯಾಗ ಐತಿ!" ಎಂದು ರೇಗಿದರು ಗೆಳೆಯರು.

"ದರ ಸರಕಾರದ್ದಪಾ, ನಂದಲ್ಲ," ಎಂದರು ಕಾಕಾ. ಗೆಳೆಯರು ಕೇಳಿಸಿಕೊಳ್ಳದೆ ಗಾಡಿ ತಿರುಗಿಸಿದರು. ಮತ್ತೆ ಬರಲಿಲ್ಲ.

"ಬಿಡಿಸಿ ಹೇಳಬೇಕಿತ್ತರಿ ಕಾಕಾ," ಎಂದೆ ನಾನು.

"ಏನ್ ಹೇಳ್ಲೆವ್ವಾ? ಎಣ್ಣಿ ಪರದೇಶದಿಂದ ಹಡಗಿನಾಗ ಬರತೈತಿ. ಅಲ್ಲಿ ತುಟ್ಟಿ ಆದ್ರ ಇಲ್ಲೂ ತುಟ್ಟಿ. ಅದರ ಮ್ಯಾಲೆ ತೆರಿಗಿ. ರಸ್ತಾ ಮಾಡಬೇಕು, ಫೌಜು ಸಾಕಬೇಕು, ಸರಕಾರದ್ದು ತಪ್ಪಂತ ನಾ ಅನ್ನಂಗಿಲ್ಲ. ಆದ್ರ ದಿಲ್ಲಿ ದೂರ ಐತಿ. ಸಿಟ್ಟು ಅಷ್ಟ ದೂರ ನಡ್ಯಾಂಗಿಲ್ಲ, ಹತ್ತಿರದಾವನ್ನ ಹುಡಕತೈತಿ."

ಬಾಕಿನ ಮೇಲೆ ಅವರು ಎಣ್ಣೆಯ ಡಬ್ಬಿಗಳನ್ನು ಒಟ್ಟಿಬಿಟ್ಟರು. ಸಂಜೆ ನಿಂತುಕೊಂಡೇ ಚಹಾ ಕುಡಿಯುತ್ತಿದ್ದರು, ಹುಬ್ಬಳ್ಳಿಯ ಕಡೆ ಬೆನ್ನು ಮಾಡಿ.

ನೋಡಲಾರದೆ ಒಂದು ಭಾನುವಾರ ನಾನೇ ಹುಬ್ಬಳ್ಳಿಯ ಟ್ಯಾಕ್ಸಿ ನಿಲ್ದಾಣಕ್ಕೆ ಹೋದೆ. ಗೆಳೆಯರು ತಲೆ ತಗ್ಗಿಸಿದರು. "ಏರಿಸಿದಾವ ಅಂವ ಅಲ್ಲಂತ ನನಗೂ ಗೊತ್ತೈತ್ರಿ ಅಕ್ಕಾರ. ಮಂದಿ ಮುಂದ ಅಂದುಬಿಟ್ಟೆ. ಈಗ ಯಾವ ಮಾರಿ ಹೊತ್ತು ಹೋಗ್ಲಿ?"

ಬಂದು ಹೇಳಿದೆ. "ಅವಗ ಬರಾಕ ನಾಚಿಕಿ. ನನಗ ಕರ್ಯಾಕ ನಾಚಿಕಿ," ಎಂದು ಕಾಕಾ ಒಳಗೆ ಹೋದರು.

ಮುಂದಿನ ಚಳಿಗಾಲದ ಒಂದು ಮುಂಜಾನೆ ಅವರು ಏಳಲಿಲ್ಲ. ಬಂದವರು ಕೆಲವರೇ. ಮಧ್ಯಾಹ್ನ ಟ್ಯಾಕ್ಸಿ ಬಂತು. ಗೆಳೆಯರು ಯಾರನ್ನೂ ನೋಡದೆ ಹೆಣದ ಪಕ್ಕ ಕುಳಿತು, ಆ ಬಿರುಕುಬಿಟ್ಟ ಕೈಯನ್ನು ಹಿಡಿದುಕೊಂಡು, ಎಲ್ಲರಿಗೂ ಕೇಳುವಂತೆ ಜೋರಾಗಿ ಹೇಳಿದರು: "ಏರಿಸಿದ್ದು ಸರಕಾರ, ನೀ ಅಲ್ಲ ದೋಸ್ತ. ನೀ ಅಲ್ಲ."

ಆಮೇಲೆ ನನ್ನ ಬಾಳಿನಲ್ಲೂ ಎಷ್ಟೋ ಸಲ ಬೇಕಾದವರೊಡನೆ ಮಾತು ನಿಂತಿದೆ. ತಪ್ಪು ಯಾರದೇ ಇರಲಿ, ಎದ್ದು ಹೋಗಿ ಅವರ ಬಾಗಿಲು ತಟ್ಟುತ್ತೇನೆ. ಕಾಕಾನ ಋಣ ಅದು.